ಕಳ್ಳಿಬೇಲಿಯ ಮರೆ

"ಯಾಕ ರೇವವ್ವ, ಹೊಟ್ಟಿ ಕೆಟ್ಟೈತೇನು? ನಿನ್ನೆ ಮ್ಯಾಲಿಂದ ಮ್ಯಾಲೆ ಬೇಲಿ ಕಡೆ ಓಡಿದಿಯಲ್ಲ. ಗುಳಿಗಿ ಬೇಕಾದ್ರ ಮನ್ಯಾಗ ಅದಾವ ನೋಡು."

ಬಸಂತರಾಯರು ಕೇಳಿದ್ದು ಕಕ್ಕುಲಾತಿಯಿಂದಲೇ. ಇಂಡಿ ಪಟ್ಟಣದ ಹತ್ತಿರದ ತಮ್ಮ ನಿಂಬೆ ತೋಟಕ್ಕೆ ಬರುವ ಹೆಣ್ಣಾಳುಗಳಿಗೆ ಅವರು ಎಂದೂ ಕೆಟ್ಟ ಮಾತು ಆಡಿದವರಲ್ಲ. ಆದರೆ ರೇವವ್ವನ ಕೈಯಿಂದ ಬುಟ್ಟಿ ಜಾರಿ ಹಣ್ಣು ಚೆಲ್ಲಾಪಿಲ್ಲಿಯಾದವು. ನಿನ್ನೆ ಸಾವಕಾರರು ತೋಟಕ್ಕೇ ಬಂದಿರಲಿಲ್ಲ. ಸಿಂದಗಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು.

ಹನಮವ್ವ ಸರಕ್ಕನೆ ತಲೆ ಎತ್ತಿದಳು. ಈ ಹೆಣ್ಣುಮಕ್ಕಳನ್ನು ಊರಿಂದ ಕೂಲಿಗೆ ಕರೆತಂದವಳು ಅವಳೇ. ರೇವವ್ವನ ಅತ್ತೆಯಂತೂ, "ಸೊಸಿನ್ನ ನಿನ್ನ ಉಡ್ಯಾಗ ಹಾಕೇನವ್ವ" ಎಂದು ಹೇಳಿ ಕಳಿಸಿದ್ದಳು.

"ನಿಮಗ ಹೆಂಗ ಗೊತ್ತಾತ್ರಿ ಸಾವಕಾರ್ರ?" ಹನಮವ್ವ ಕೇಳಿದಳು.

"ಅಕಾ, ಕ್ಯಾಮರಾ!" ಬಸಂತರಾಯರು ಮೋಟಾರು ಕೋಣೆಯ ಪಕ್ಕದ ಹೊಸ ಕಂಬ ತೋರಿಸಿದರು. "ಹಣ್ಣು ಕದಿಯವರ ಕಾಟ ಹೆಚ್ಚಾಗಿತ್ತಲ್ಲ. ಮನಶ್ಯಾ ಅಲುಗಾಡಿದ್ರ ಸಾಕು, ತಾನ ಗೋಣು ಹೊಳ್ಳಿಸಿ ಬೆನ್ನ ಹತ್ತತೈತಿ. ಎಲ್ಲಿ ಕುಂತ್ರೂ ಮೊಬೈಲದಾಗ ಕಾಣತೈತಿ."

ಕಳ್ಳಿಬೇಲಿಯ ಹಿಂದಿನ ತಗ್ಗೇ ಹೆಂಗಸರಿಗೆ ಮರೆ. ಗಂಡಸರು ಆ ಕಡೆ ಮುಖ ಮಾಡುತ್ತಿರಲಿಲ್ಲ. ಹೋಗಲೇಬೇಕಾದರೆ ದೂರದಿಂದಲೇ ಕೆಮ್ಮುತ್ತಿದ್ದರು.

"ಕ್ಯಾಮರಾಕ್ಕ ಕೆಮ್ಮಾಕ ಬರತೈತೇನ್ರಿ?" ಎಂದಳು ಹನಮವ್ವ.

ಬಸಂತರಾಯರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಚಹಾದ ಕಿಟ್ಲಿ ಹಿಡಿದು ಬಂದ ಅವರ ಹೆಂಡತಿ ಇಂದುಬಾಯಿ ರೇಗಿದರು. "ಏನ ಹನಮವ್ವ, ಸಾವಕಾರ್ರಿಗೇ ಜೋರು ಮಾಡಾಕತ್ತಿ?"

"ಅಕ್ಕಾರ, ತೋಟಕ್ಕ ಬಂದಾಗ ನೀವು ಎಲ್ಲಿಗೆ ಹೋಗ್ತೀರಿ?"

ಇಂದುಬಾಯಿ ಬೇಲಿ ನೋಡಿದರು, ಕಂಬ ನೋಡಿದರು. ಕಿಟ್ಲಿ ನೆಲಕ್ಕಿಟ್ಟು ಗಂಡನ ಮೊಬೈಲು ಕಸಿದುಕೊಂಡರು. ಸ್ವಲ್ಪ ಹೊತ್ತು ನೋಡಿದವರು ಅದನ್ನು ಕೆಂಡದಂತೆ ತಿರುಗಿ ಕೊಟ್ಟರು.

"ಮೊದಲ ಅಳಸ್ರಿ ಇದನ್ನ."

"ಹೆಂಗಂತ ನನಗ ಗೊತ್ತಿಲ್ಲ. ಅಳಿಯನ ಮೊಬೈಲದಾಗೂ ಹಾಕಿಸೇನಿ, ಮುದ್ದೇಬಿಹಾಳದ ತಮ್ಮನ ಮೊಬೈಲದಾಗೂ... ಕಳ್ಳರ ಮ್ಯಾಲೆ ಯಾರರೆ ಕಣ್ಣಿಡ್ಲಿ ಅಂತ."

ರೇವವ್ವ ಮೊಣಕಾಲಲ್ಲಿ ಮುಖ ಹುದುಗಿಸಿ ಕುಳಿತುಬಿಟ್ಟಳು.

"ಕ್ಯಾಮರಾ ಕೂಡಿಸಿದವಗ ಫೋನ್ ಹಚ್ರಿ," ಹನಮವ್ವ ಬಿಡಲಿಲ್ಲ. "ಎಲ್ಲಾ ಅಳಸಂತ ಹೇಳ್ರಿ."

ಕ್ಯಾಮರಾ ಅಂಗಡಿಯ ಅನಿಲ ಫೋನ್ ಎತ್ತಿದ. ಎಲ್ಲರಿಗೂ ಕೇಳಲೆಂದು ಬಸಂತರಾಯರು ಮೊಬೈಲಿನ ದನಿ ದೊಡ್ಡದು ಮಾಡಿದರು.

"ಅಳಸೂಣ್ರಿ, ಅದಕ್ಕೇನು. ಆದ್ರ ಇಲ್ಲೀತನಕ ಯಾರರೆ ತಮ್ಮ ಮೊಬೈಲದಾಗ ಇಳಿಸಿ ಇಟಗೊಂಡಿದ್ರ, ಅದು ನನ್ನ ಕೈಯಾಗಿಲ್ಲ." ಆಮೇಲೆ ಅವನು ನಕ್ಕ. "ಅಲ್ರಿ ಸಾವಕಾರ್ರ, ಆ ಹಸಿರು ಸೀರಿ ಅವ್ವ ಯಾಕ ಸೊಂಟದ ಮ್ಯಾಲೆ ಕೈ ಇಟಗೊಂಡು ನಿಂತಾಳ? ಜಗಳೇನ್ರಿ?"

ಹನಮವ್ವ ತನ್ನ ಹಸಿರು ಸೀರೆ ನೋಡಿಕೊಂಡಳು. ಸೊಂಟದ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು.

"ನಿನಗೂ ಕಾಣತೈತೇನಲೇ?" ಬಸಂತರಾಯರು ತೊದಲಿದರು.

"ನನ್ನ ಮೊಬೈಲದಾಗ ಮೊದಲ ಚಾಲೂ ಮಾಡಿದ್ದಲ್ರಿ. ತಗಿ ಅಂತ ನೀವು ಹೇಳಲಿಲ್ಲ, ನಾ ತಗೀಲಿಲ್ಲ."

ಇಂದುಬಾಯಿ ಸೆರಗು ಎಳೆದುಕೊಂಡು ಮೋಟಾರು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹನಮವ್ವ ರೇವವ್ವನ ರಟ್ಟೆ ಹಿಡಿದು ಎಬ್ಬಿಸಿದಳು. ತುಂಬಿದ ಬುಟ್ಟಿಗಳನ್ನು ಇದ್ದಲ್ಲೇ ಬಿಟ್ಟು ಹೆಂಗಸರೆಲ್ಲ ರಸ್ತೆಯ ಕಡೆ ನಡೆದರು.

"ಮನ್ಯಾಗ ಏನಂತ ಹೇಳೂದು ಯಕ್ಕಾ?" ರೇವವ್ವ ಕೇಳಿದಳು.

"ಇದ್ದದ್ದು ಹೇಳೂನು. ತಪ್ಪು ಮಾಡಿದವರು ನಾವಲ್ಲ."

ಹೇಳಿದ್ದೇನೋ ಹೇಳಿದಳು. ಆದರೆ ರೇವವ್ವನ ಅತ್ತೆಯ ಮುಖ ಕಣ್ಣ ಮುಂದೆ ಬಂದು ಹನಮವ್ವನ ಹೆಜ್ಜೆ ನಿಧಾನವಾಯಿತು.