ಅಕ್ಕನ ಹೆಗಲಿಗೊಂದು ಪಿಟೀಲು

ಬಟ್ಟೆ ಬೀರು ಮಾಡುವ ಮರಗೆಲಸದ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ‘ಬೀರಮ್ಮ’ ಎಂದೇ ಕರೆಯುತ್ತಿದ್ದರು. ಅವಳು ಕೂರಿಸಿದ ಬಾಗಿಲು ವರ್ಷಗಟ್ಟಲೆ ಕಿರ್ ಎನ್ನುತ್ತಿರಲಿಲ್ಲ. ಸಂಗೀತವೆಲ್ಲ ಅಕ್ಕನ ಪಾಲು. ಮಕ್ಕಳಿಗೆ ಪಿಟೀಲು ಹೇಳಿಕೊಟ್ಟೇ ತಂಗಿಯನ್ನು ಸಾಕಿದವಳು ಅಕ್ಕ.

ಅಕ್ಕ ಮೆಟ್ಟಿಲಿನಿಂದ ಬಿದ್ದು ಎಡ ಹೆಗಲು ಮುರಿದುಕೊಂಡಳು. ಮೂಳೆ ಕೂಡಿತು, ತೋಳು ಮಾತ್ರ ಮೊದಲಿನಂತೆ ಚಾಚಲಿಲ್ಲ. ಪಿಟೀಲು ಹಿಡಿದರೆ ಕಣ್ಣಲ್ಲಿ ನೀರು. ಮಕ್ಕಳ ಅಳತೆಯ ಸಣ್ಣ ಪಿಟೀಲು ಕೈಗೆಟುಕಿತು, ಆದರೆ ಅದರ ದನಿ ತೀರಾ ಪೀಚು. ಕುತ್ತಿಗೆ ಗಿಡ್ಡವಾಗಿ ಒಡಲು ಅಗಲವಾಗಿರುವ ಪಿಟೀಲು ಬೇಕೆಂದರೆ ಅಂಗಡಿಯವನು ನಕ್ಕುಬಿಟ್ಟ.

“ಬಿಡೇ, ನನ್ನ ಕಾಲ ಮುಗೀತು,” ಎಂದಳು ಅಕ್ಕ.

“ಸುಮ್ನಿರಕ್ಕ. ನಾನೇ ಮಾಡ್ತೀನಿ.”

“ನೀನಾ? ಅದಕ್ಕೂ ಕನ್ನಡಿ, ಬೀಗ ಇಟ್ಟುಬಿಟ್ಟೀಯ!”

ತಂಗಿ ಹಟ ಬಿಡಲಿಲ್ಲ. ಒಡೆದುಹೋದ ಹಳೆಯ ಪಿಟೀಲೊಂದನ್ನು ಬಿಚ್ಚಿ, ಒಳಗೆ ಏನೇನಿದೆ ಎಂದು ನೋಡಿಕೊಂಡಳು. ಪಿಟೀಲಿನ ಪಕ್ಕೆಗೆಂದು ತೆಳು ಮರದ ಪಟ್ಟಿಗಳನ್ನು ಕಾಯಿಸಿದ ಕೊಳವೆಗೆ ಒತ್ತಿ ಬಗ್ಗಿಸುವಾಗ ಬೆರಳು ಸುಟ್ಟುಕೊಂಡಳು. ಅಡುಗೆಮನೆ ಮೇಜಿನ ತುಂಬ ಮರದ ಹೊಟ್ಟು.

ಮೊದಲನೆಯದನ್ನು ಅಕ್ಕ ನುಡಿಸಿ ನೋಡಿದಳು. “ಹಿಡಿಯೋಕೆ ಸಲೀಸು ಕಣೇ. ಆದ್ರೆ ದನಿ ಒಳಗಡೆ ಚಿಲಕ ಹಾಕ್ಕೊಂಡು ಕೂತಿದೆ.”

ತಂಗಿಗೆ ತಪ್ಪು ಹೊಳೆಯಿತು. ಭಾರ ಹೊರುವ ಹಲಗೆ ಮಾಡಿ ರೂಢಿಯಾದ ಕೈ ಅದು. ಇಲ್ಲಿ ಹಲಗೆ ನಡುಗಬೇಕಿತ್ತು. ಮೇಲ್ಭಾಗವನ್ನು ಬಿಚ್ಚಿ ಕೆರೆದು ತೆಳುವಾಗಿಸಿದಳು. ಅತಿಯಾಯಿತು, ಹಲಗೆ ಸೀಳಿತು. ಮುಖ ತೊಳೆದು ಬಂದು ಹೊಸ ಹಲಗೆ ಎತ್ತಿಕೊಂಡಳು. ಈ ಸಲ ಒಂದಿಷ್ಟು ಕೆರೆಯುವುದು, ಬೆರಳಿನಿಂದ ತಟ್ಟುವುದು, ಕಿವಿಗೊಡುವುದು. ತಿಂಗಳುಗಳು ಉರುಳಿದವು.

ಒಂದು ಭಾನುವಾರ ಬೆಳಗ್ಗೆ ಅಕ್ಕ ಹೊಸ ಪಿಟೀಲನ್ನು ಹೆಗಲಿಗೇರಿಸಿ ಕಮಾನು ಎಳೆದಳು. ದನಿ ಕೋಣೆ ತುಂಬಿತು. ನುಡಿಸುತ್ತಲೇ ಹೋದಳು.

“ಮೇಲಿನ ತಂತಿ ಚೂರು ಕೀರಲು,” ಎಂದಳು ಅಕ್ಕ ಕೊನೆಗೆ.

“ಕೊಡು, ಸರಿ ಮಾಡ್ತೀನಿ.”

“ಈಗ ಕೊಡಲ್ಲ, ಹೋಗೇ!”

ಅಕ್ಕನ ಪಾಠ ಮತ್ತೆ ಶುರುವಾಯಿತು, ಸುದ್ದಿಯೂ ಹಬ್ಬಿತು. ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡಿದ್ದ ಮುದ್ರಣಾಲಯದ ಕೆಲಸಗಾರನೊಬ್ಬ ಬಂದು, ತನ್ನ ಕೈಗೆ ಒಗ್ಗುವ ಪಿಟೀಲು ಆಗುತ್ತದೆಯೇ ಎಂದು ಕೇಳಿದ. ಬೀರಮ್ಮ ಶೆಡ್ಡಿನ ಕೆಲಸ ಬಿಡುತ್ತೇನೆಂದಾಗ ಮೇಸ್ತ್ರಿ ತಲೆ ಚಚ್ಚಿಕೊಂಡ.

“ಬೀರು ಇಲ್ಲದ ಮನೆಯಿಲ್ಲ. ಪಿಟೀಲು ಯಾರಿಗಮ್ಮ ಬೇಕು?”

“ಒಬ್ಬರು ಮನೇಲಿ ಕಾಯ್ತಾ ಕೂತಿದ್ದಾರೆ,” ಎಂದು ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಮನೆಯಲ್ಲಿ ಆ ಕೆಲಸಗಾರ ಮೇಜಿನ ಮೇಲೆ ಕೈ ಚಾಚಿದ. ಉಳಿದ ಬೆರಳುಗಳ ಅಳತೆಯನ್ನು ಅವಳು ಸಾವಕಾಶವಾಗಿ ತೆಗೆದುಕೊಂಡಳು.