ಮೂಲೆ ಮನೆ

ಕರಿಬಸವಯ್ಯನವರ ಬಾಯಿಗೆ ಬೀಗ ಹಾಕುವವರು ಜಯನಗರದ ಆ ಚೆಸ್ ಕ್ಲಬ್ಬಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಟೈಲ್ಸ್ ಅಂಗಡಿಯ ಯಜಮಾನರು, ಆಟವೇನೋ ಚೆನ್ನಾಗಿಯೇ ಆಡುತ್ತಿದ್ದರು. ಸಾರಕ್ಕಿಯ ಗೋವಿಂದಮ್ಮನೂ ಅಷ್ಟೇ ಚೆನ್ನಾಗಿ ಆಡುತ್ತಿದ್ದರು, ಅದೇ ತೊಂದರೆ. ಇಬ್ಬರ ಆಟ ಡ್ರಾ ಆದಾಗಲೆಲ್ಲ ಹೊರಗೆ ಕಾಫಿ ಕುಡಿಯುತ್ತಾ ಅವರದು ಒಂದೇ ರಾಗ: 'ಪಾಪ, ಹೆಂಗಸು ಅಂತ ಬಿಟ್ಕೊಟ್ಟೆ.' ಬಿಟ್ಟುಕೊಟ್ಟರಂತೆ! ಗೋವಿಂದಮ್ಮನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಈ ಭಾನುವಾರ ಗೆಲ್ಲದಿದ್ದರೂ ಚಿಂತೆಯಿಲ್ಲ, ಆ ಮಾತೊಂದನ್ನು ಅವರ ಬಾಯಿಂದ ಕಿತ್ತುಹಾಕಬೇಕು ಎಂದುಕೊಂಡೇ ಬಂದು ಕೂತಿದ್ದರು.

ಹಟಕ್ಕೆ ಕೂತರೆ ಆಟ ಕೆಡುತ್ತದೆ. ಅವಸರದಲ್ಲಿ ಗೋವಿಂದಮ್ಮ ಒಂದು ಕುದುರೆಯನ್ನು ಸುಮ್ಮಸುಮ್ಮನೆ ಕಳೆದುಕೊಂಡರು. ಕರಿಬಸವಯ್ಯ ಸುತ್ತ ನಿಂತವರಿಗೆಲ್ಲ ಕೇಳುವಂತೆ, 'ಡ್ರಾ ಮಾಡ್ಕೊಳ್ಳೋಣ ಬಿಡ್ರಮ್ಮ, ಪಾಪ' ಎಂದರು.

'ನಿಮ್ಮ ಪಾಪ ನೀವೇ ಇಟ್ಕೊಳ್ಳಿ. ಆಡಿ.'

ಆಡಿದರು. ಗೋವಿಂದಮ್ಮ ಸಿಕ್ಕಿದ್ದಕ್ಕೆ ಸಿಕ್ಕಿದ್ದನ್ನು ಹೊಡೆದು, ಹೊಡೆಸಿಕೊಂಡು ಬೋರ್ಡನ್ನೇ ಬೋಳು ಮಾಡಿದರು. ಕೊನೆಗೆ ಕರಿಬಸವಯ್ಯನವರ ಕಡೆ ರಾಜ, ಒಂದು ಒಂಟೆ, ಅಂಚಿನ ಸಾಲಿನಲ್ಲಿ ಒಂದು ಕಾಲಾಳು ಉಳಿಯಿತು. ಈ ಕಡೆ ರಾಜ ಒಬ್ಬನೇ. ಆ ಕಾಲಾಳು ಮೂಲೆ ಮನೆ ಮುಟ್ಟಿದರೆ ಮಂತ್ರಿಯಾಗುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಗೋವಿಂದಮ್ಮನ ರಾಜ ಓಡಿಹೋಗಿ ಅದೇ ಮೂಲೆಯಲ್ಲಿ ಕೂತ. ಮೂಲೆ ಮನೆ ಕಪ್ಪು. ಕರಿಬಸವಯ್ಯನವರ ಒಂಟೆಯೋ ಬಿಳಿ ಮನೆಗಳಲ್ಲಷ್ಟೇ ಓಡಾಡುವಂಥದ್ದು. ತಿಪ್ಪರಲಾಗ ಹಾಕಿದರೂ ಅದಕ್ಕೆ ಆ ಮನೆ ಎಟುಕುವಂತಿರಲಿಲ್ಲ.

'ಸಾರಕ್ಕೀಲಿ ಮೂರು ಬಿಲ್ಡಿಂಗ್ ಬಾಡಿಗೆಗೆ ಕೊಟ್ಟಿದೀನಿ' ಎಂದರು ಗೋವಿಂದಮ್ಮ, ಸೆರಗು ಸಿಕ್ಕಿಸಿಕೊಂಡು. 'ಮೂಲೆ ಹಿಡ್ದು ಕೂತೋರನ್ನ ಎಬ್ಬಿಸೋದು ಎಷ್ಟು ಕಷ್ಟ ಅಂತ ನಂಗೊತ್ತು. ಮನೆ ಖಾಲಿ ಮಾಡ್ಸಿ, ನೋಡೋಣ.'

ಕರಿಬಸವಯ್ಯ ಬೆವರು ಒರೆಸಿಕೊಂಡು ಆ ಕಡೆಯಿಂದ ಬಂದರು, ಈ ಕಡೆಯಿಂದ ಬಂದರು. ರಾಜ ಪಕ್ಕದ ಮನೆಗೆ ಹೋದ, ಮತ್ತೆ ಮೂಲೆಗೆ ಬಂದ. ಕಡೆಗೆ ಕರಿಬಸವಯ್ಯ ತಾಳ್ಮೆಗೆಟ್ಟು ಕಾಲಾಳನ್ನು ಮುಂದಕ್ಕೆ ದೂಡಿದರು. ಈಗ ಗೋವಿಂದಮ್ಮನ ರಾಜನಿಗೆ ಚೆಕ್ಕೂ ಇಲ್ಲ, ಕಾಲಿಡಲು ಬೇರೆ ಮನೆಯೂ ಇಲ್ಲ. ನಿಯಮದ ಪ್ರಕಾರ ಆಟ ಡ್ರಾ.

ಹೊರಗೆ ಕಾಫಿ ಗಾಡಿಯ ಹತ್ತಿರ ಕ್ಲಬ್ಬಿನವನೊಬ್ಬ, 'ಏನ್ ಸಾರ್, ಇವತ್ತೂ ಬಿಟ್ಕೊಟ್ರಾ?' ಎಂದು ಕೆಣಕಿದ.

ಕರಿಬಸವಯ್ಯ ಲೋಟ ನೋಡಿದರು. ಎದುರಿಗೇ ನಿಂತಿದ್ದ ಗೋವಿಂದಮ್ಮನನ್ನು ನೋಡಿದರು.

'ಎಲ್ಲಿ ಬಿಟ್ಕೊಡೋದು ಗುರು? ಈಯಮ್ಮ ಬಿಡ್ಲೇ ಇಲ್ಲ.'

'ಮುಂದಿನ ವಾರಾನೂ ಬಿಡಲ್ಲ' ಎಂದು ಗೋವಿಂದಮ್ಮ ತಮ್ಮ ಕಾಫಿಗೆ ಕೈಚಾಚಿದರು.