ಇಳಿಜಾರಿನಲ್ಲೇ ನಿಲ್ಲುವ ಲಾರಿ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಂದು ಟ್ರ್ಯಾಕ್ಟರು ಆ ಹಳೆಯ ಡೀಸೆಲ್ ಲಾರಿಯನ್ನು ಹಗ್ಗ ಕಟ್ಟಿ ಎಳೆದು ತಂದು, ಕರೆಂಟಣ್ಣನ ಶೆಡ್ಡಿನ ಮುಂದೆ ಬಿಟ್ಟು ಹೋಯಿತು. ಜಲ್ಲಿ ಕ್ರಷರಿನ ಗೇಟಿನಲ್ಲಿ ಎಂಜಿನ್ನು ಆರಿಹೋಗಿ ಮತ್ತೆ ಹೊತ್ತಿಕೊಳ್ಳಲಿಲ್ಲವಂತೆ. ಹಿಂದೆ ಸಾಲುಗಟ್ಟಿದ್ದ ಗಾಡಿಗಳವರು ಬಾಯಿಗೆ ಬಂದಂತೆ ಬೈದು, ಕೊನೆಗೆ ತಾವೇ ಹಗ್ಗ ಹುಡುಕಿ ಕಟ್ಟಿದ್ದರು.

ಕರೆಂಟಣ್ಣ ಲಾರಿಗಳ ವೈರಿಂಗು, ಬ್ಯಾಟರಿಗಳ ಕೆಲಸದಲ್ಲಿ ಮೂವತ್ತೈದು ವರ್ಷ ಕಣ್ಣು ಸವೆಸಿದವನು. ಲಾರಿಯ ಡ್ರೈವರು ಅವನ ತಂಗಿಯ ಗಂಡ. ಮದುವೆಗೆ ಮುಂಚೆ ಎರಡು ವರ್ಷ ಇದೇ ಶೆಡ್ಡಿನಲ್ಲಿ ಕೆಲಸ ಕಲಿತವನು. ತಂಗಿ ತೀರಿಕೊಂಡು ಹತ್ತು ತಿಂಗಳಾಗಿತ್ತು.

"ಇಳಿ ಭಾವ, ಕೈಕಾಲು ತೊಳ್ಕೊ," ಎಂದ ಕರೆಂಟಣ್ಣ.

ಡ್ರೈವರು ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿದ. "ನಾನಿಲ್ಲೇ ಇರ್ತೀನಿ. ನೀವು ಬ್ಯಾಟರಿ ಬದಲಾಯಿಸಿಕೊಡಿ, ಸಾಕು."

"ಆರು ತಿಂಗಳಲ್ಲಿ ಎರಡು ಜೊತೆ ಬ್ಯಾಟರಿ ನುಂಗಿದೀಯ. ಬಿಸ್ಕತ್ತು ತಿಂದ ಹಾಗೆ ತಿಂತಿದೆ ನಿನ್ನ ಗಾಡಿ. ಇವತ್ತು ಕಾಯಿಲೆ ಏನು ಅಂತ ನೋಡೇ ಬಿಡೋದು."

ಗಾಜು ಮತ್ತೆ ಮೇಲೇರಿತು.

ಇಂಥ ಹಳೆಯ ಎಂಜಿನ್ನಿಗೆ ಕರೆಂಟು ಬೇಕಾಗುವುದು ಸ್ಟಾರ್ಟ್ ಆಗುವಾಗ ಮಾತ್ರ. ಒಮ್ಮೆ ಹೊತ್ತಿಕೊಂಡರೆ ಡೀಸೆಲ್ ಇರುವವರೆಗೂ ತನ್ನ ಪಾಡಿಗೆ ತಾನು ಓಡುತ್ತದೆ. ಆದ್ದರಿಂದ ಡ್ರೈವರು ಎಂಜಿನ್ ಆರಿಸುವುದನ್ನೇ ಬಿಟ್ಟಿದ್ದ. ಆರಿಸಲೇಬೇಕಾದಾಗ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದ. ಉರುಳಿಸಿ ಗೇರಿಗೆ ಹಾಕಿದರೆ ಗಾಡಿ ಎದ್ದುಕೊಳ್ಳುತ್ತಿತ್ತು. ಊಟ, ನಿದ್ದೆ, ಬಟ್ಟೆ ಒಣಗಿಸುವುದು ಎಲ್ಲ ಕ್ಯಾಬಿನ್ನಿನಲ್ಲೇ. ಅವನ ಮನೆ ಇದ್ದದ್ದು ಸಮತಟ್ಟಾದ ಗಲ್ಲಿಯಲ್ಲಿ. ಭಾನುವಾರಕ್ಕೊಮ್ಮೆ ಗೇಟಿನ ಮುಂದೆ ಗಾಡಿಯನ್ನು ಗುರುಗುಟ್ಟಿಸುತ್ತಾ ನಿಂತು, ಮನೆಯ ಸಾಮಾನಿನ ಚೀಲ, ಕೊಳೆಬಟ್ಟೆಗಳನ್ನು ಮೇಲಿನಿಂದಲೇ ಮಗಳ ಕೈಗೆ ಕೊಡುತ್ತಿದ್ದ. ಅವಳು ಒಗೆದ ಬಟ್ಟೆ, ಊಟದ ಡಬ್ಬಿ ಎತ್ತಿ ಕೊಡುತ್ತಿದ್ದಳು. ಒಳಗೆ ಬಾ ಎಂದರೆ, "ನಿಲ್ಲಿಸಿದ್ರೆ ಸ್ಟಾರ್ಟ್ ಆಗಲ್ಲಮ್ಮ," ಎನ್ನುತ್ತಿದ್ದ. ಕಾಲೇಜಿಗೆ ಹೋಗುವ ಹುಡುಗಿ, ಆ ಮನೆಯಲ್ಲಿ ಒಬ್ಬಳೇ.

ಹೋದ ವಾರ ಅವಳು ಶೆಡ್ಡಿಗೆ ಬಂದು, "ಮಾವ, ಗಾಡಿ ಸರಿಮಾಡಿಕೊಡಿ. ಸರಿಯಾದ್ರೆ ಅಪ್ಪ ಮನೆಗೆ ಬರ್ತಾರೆ," ಎಂದು ಕಣ್ಣೊರೆಸಿಕೊಂಡಿದ್ದಳು. ಕರೆಂಟಣ್ಣ ದೇವರ ಮೇಲೆ ಭಾರ ಹಾಕಿ ಆಗಲಿ ಎಂದಿದ್ದ. ಈಗ ದೇವರೇ ಗಾಡಿಯನ್ನು ಹಗ್ಗ ಕಟ್ಟಿಸಿ ಕಳಿಸಿದ್ದಾನೆಂದು ಅವನಿಗೆ ಅನ್ನಿಸಿತು.

ಶೆಡ್ಡಿನ ಎರಡು ಬ್ಯಾಟರಿಗಳನ್ನು ತಗುಲಿಸಿ ಎಂಜಿನ್ ಹೊತ್ತಿಸಿದ. ಬ್ಯಾಟರಿಯ ಮೇಲೆ ಮೀಟರ್ ಹಿಡಿದ. ಚಾರ್ಜಾಗುತ್ತಿದ್ದರೆ ಮುಳ್ಳು ಇಪ್ಪತ್ತೆಂಟು ವೋಲ್ಟಿನ ಹತ್ತಿರ ಇರಬೇಕು; ಅದು ಇಪ್ಪತ್ನಾಲ್ಕರಲ್ಲೇ ಮಲಗಿತ್ತು. ಆಕ್ಸಿಲರೇಟರು ಜೋರಾಗಿ ತುಳಿಸಿದರೂ ಮೇಲೇಳಲಿಲ್ಲ. ಬೆಲ್ಟು ಬಿಗಿಯಾಗಿತ್ತು. ಬ್ಯಾಟರಿಗೆ ಕಚ್ಚುವ ವೈರಿನ ತಲೆಗಳು ಕಿಲುಬಿಲ್ಲದೆ ಹೊಳೆಯುತ್ತಿದ್ದವು. ದಪ್ಪ ವೈರಿನ ಎರಡು ತುದಿಗೂ ಮೀಟರ್ ಹಿಡಿದು ನೋಡಿದ. ನಡುವೆ ಸೋರಿಕೆ ಏನೂ ಇರಲಿಲ್ಲ.

ಎಂಜಿನ್ ಆರಿಸಿ ಕೀ ಮಾತ್ರ ತಿರುಗಿಸಲು ಹೇಳಿ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಬೆನ್ನಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದ. ಒಳಗಿನ ಸುರುಳಿಗೆ ಕರೆಂಟು ಬಂದಿದ್ದರೆ ಅದು ಅಯಸ್ಕಾಂತದಂತೆ ಹಿಡಿದೆಳೆಯಬೇಕು. ಎಳೆಯಲಿಲ್ಲ.

"ಆಲ್ಟರ್ನೇಟರ್ ಹೋಗಿದೆ, ಅಲ್ವಾ?" ಗಾಜಿನ ಸಂದಿಯಿಂದ ಡ್ರೈವರು ಕೇಳಿದ. "ಹೊಸದು ಸಿಗೋವರೆಗೂ ಹೀಗೇ ಓಡಿಸ್ತೀನಿ ಬಿಡಿ."

"ಸತ್ತಿದೆ ಅನ್ನೋಕೆ ನೀನ್ಯಾರು? ನಾಡಿ ನೋಡ್ತಿರೋನು ನಾನು."

ಮತ್ತೆ ಎಂಜಿನ್ ಹೊತ್ತಿಸಿ, ಒಂದು ಟೆಸ್ಟ್ ಲ್ಯಾಂಪಿನ ಮೂಲಕ ಬ್ಯಾಟರಿಯ ಕರೆಂಟನ್ನು ಆಲ್ಟರ್ನೇಟರಿನ ಸಣ್ಣ ತುದಿಗೆ ಮುಟ್ಟಿಸಿದ. ಎಂಜಿನ್ನಿನ ಸದ್ದು ಭಾರ ಹೊತ್ತವನ ಉಸಿರಿನಂತೆ ಒಮ್ಮೆ ಕುಗ್ಗಿತು. ಮೀಟರಿನ ಮುಳ್ಳು ಸರ್ರನೆ ಇಪ್ಪತ್ತೆಂಟಕ್ಕೆ ಏರಿತು. ಆಲ್ಟರ್ನೇಟರಿಗೆ ಯಾವ ರೋಗವೂ ಇರಲಿಲ್ಲ. ಅದನ್ನು ಯಾರೂ ಎಬ್ಬಿಸುತ್ತಿರಲಿಲ್ಲ, ಅಷ್ಟೆ. ಎಬ್ಬಿಸುವ ಸಣ್ಣ ವೈರು ಬರುವುದು ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜ್ ದೀಪದಿಂದ.

ಎಂಜಿನ್ ಆರಿಸಲು ಹೇಳಿ ಅವನು ಕ್ಯಾಬಿನ್ನಿಗೆ ಹತ್ತಿದ. ಒಳಗೆ ಬೆವರು, ಡೀಸೆಲ್ಲು, ಮುಗ್ಗಿದ ಹಾಸಿಗೆಯ ವಾಸನೆ. ಹಗ್ಗದ ಮೇಲೆ ಎರಡು ಬನಿಯನ್ನು ನೇತಾಡುತ್ತಿದ್ದವು. ಡ್ರೈವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೋಡುತ್ತಾ ಕೂತಿದ್ದ. ಕರೆಂಟಣ್ಣ ಡ್ಯಾಶ್‌ಬೋರ್ಡಿನ ಫಲಕ ಬಿಚ್ಚಿ ಕೈ ತೂರಿಸಿದ.

ಕೆಂಪು ದೀಪದ ಹೋಲ್ಡರು ಖಾಲಿಯಾಗಿತ್ತು. ಬಲ್ಬು ಸುಟ್ಟಿರಲಿಲ್ಲ, ಬಲ್ಬೇ ಇರಲಿಲ್ಲ. ಹೋಲ್ಡರಿನ ಬಾಯಿಗೆ ಕಪ್ಪು ಟೇಪು ಸುತ್ತಿ, ಬಿಚ್ಚಲು ಸುಲಭವಾಗಲೆಂದು ತುದಿಯನ್ನು ಒಳಕ್ಕೆ ಮಡಚಲಾಗಿತ್ತು. ಹಾಗೆ ಮಡಚುವುದನ್ನು ಈ ಶೆಡ್ಡಿನಲ್ಲಿ ಕಲಿಸಿದವನು ತಾನೇ. ಅದು ಬರೀ ದೀಪವಲ್ಲ, ಅದರ ಮೂಲಕ ಹೋಗುವ ಚೂರು ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು ಎಂದು ಹೇಳಿಕೊಟ್ಟವನೂ ತಾನೇ.

ಕರೆಂಟಣ್ಣನ ಕೈ ಫಲಕದೊಳಗೇ ನಿಂತುಬಿಟ್ಟಿತು.

"ಯಾವತ್ತು ತೆಗೆದೆ ಭಾವ?"

ಡ್ರೈವರು ಸ್ಟೀರಿಂಗಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದ. ಆಮೇಲೆ ಸ್ಟೀರಿಂಗಿಗೇ ಹೇಳಿದ: "ಅವಳು ಹೋಗಿ ಎರಡು ತಿಂಗಳಿಗೆ. ಮನೆ ಮುಂದೆ ನಿಲ್ಲಿಸಿದ್ದೆ. ಇಳಿಯೋಕೆ ಕಾಲು ಬರ್ಲಿಲ್ಲ. ಅವಳು ಮಲಗಿದ್ದ ಮಂಚ ಈಗಲೂ ನಡುಮನೇಲೇ ಇದೆ. ಮಗಳು ಬಂದು ಯಾಕಪ್ಪ ಅಂದ್ಲು. ಏನಂತ ಹೇಳಲಿ? ಗಾಡಿ ಕೆಟ್ಟಿದೆ ಅಂದೆ. ಸುಳ್ಳಾಗಬಾರದು ಅಂತ ಕೆಡಿಸಿದೆ."

"ಅಯ್ಯೋ ಪುಣ್ಯಾತ್ಮ!" ಕರೆಂಟಣ್ಣನಿಗೆ ಸಿಟ್ಟು ಉಕ್ಕಿ ಬಂತು. "ಅಲ್ಲಿ ಒಂದು ಹೆಣ್ಣುಮಗು ದಿನಾ ಬಾಗಿಲು ಕಾಯ್ತಿದೆ. ನೀನು ಇಲ್ಲಿ ಈ ಡಬ್ಬದೊಳಗೆ ನಿನ್ನನ್ನೇ ಕೂಡಿಹಾಕ್ಕೊಂಡು..."

"ನೀವು ಹೋಗಿದೀರಾ?"

"ಏನು?"

"ಒಳಗೆ. ಹತ್ತು ತಿಂಗಳಲ್ಲಿ ಒಂದು ಸಲ, ಆ ಹೊಸ್ತಿಲು ದಾಟಿದೀರಾ? ಹೇಳಿ. ಮಗಳು ಎಲ್ಲಾ ಹೇಳ್ತಾಳೆ ನಂಗೆ. ಮಾವ ಗೇಟಿನ ಹತ್ರಾನೇ ಮಾತಾಡಿಸಿ ಹೊರಟುಬಿಡ್ತಾರೆ, ಶೆಡ್ಡಲ್ಲಿ ಕೆಲಸ ಅಂತಾರೆ, ಅಂತ."

ಕರೆಂಟಣ್ಣನ ಬೆರಳು ಟೇಪಿನ ಮಡಚಿದ ತುದಿಯನ್ನು ಹುಡುಕಿತು. ತಂಗಿಗೆ ಉಸಿರು ಕಟ್ಟುತ್ತಿದೆ, ಬೇಗ ಬಾ ಎಂದು ಆ ದಿನ ಫೋನು ಬಂದಾಗ, ಇದೊಂದು ವೈರು ಮುಗಿಸಿ ಬರ್ತೀನಿ ಎಂದವನು ಅವನು. ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಅಂದಿನಿಂದ ದಿನಾ ದೇವರ ಮುಂದೆ ಕೂತು ಕ್ಷಮಿಸು ಎಂದು ಬೇಡಿದ್ದ. ಆ ಮನೆಯೊಳಕ್ಕೆ ಮಾತ್ರ ಕಾಲಿಟ್ಟಿರಲಿಲ್ಲ.

ಅವನು ಟೇಪು ಬಿಚ್ಚಿ, ಜೇಬಿನ ಪೊಟ್ಟಣದಿಂದ ಒಂದು ಬಲ್ಬು ತೆಗೆದು ಹೋಲ್ಡರಿಗೆ ತಿರುಗಿಸಿದ. ಎಂಜಿನ್ ಹೊತ್ತಿಸಿದಾಗ ಕೆಂಪು ದೀಪ ಒಮ್ಮೆ ಬೆಳಗಿ ಆರಿತು. ಮೀಟರ್ ನೋಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

"ನಡಿ," ಎಂದ ಕರೆಂಟಣ್ಣ. "ನಾನೂ ಬರ್ತೀನಿ."

ಲಾರಿ ಮನೆಯ ಗಲ್ಲಿಗೆ ಬಂತು. ಗಲ್ಲಿ ಇಕ್ಕಟ್ಟಿನದು. ಎದುರು ಬರುವವರಿಗೆ ಜಾಗ ಬಿಡಲು ಡ್ರೈವರು ತನ್ನ ಬದಿಯನ್ನು ಎದುರುಮನೆಯ ಕಾಂಪೌಂಡಿಗೆ ಒತ್ತಿ ನಿಲ್ಲಿಸಿದ. ಆ ಬಾಗಿಲು ಮೂರು ಬೆರಳೂ ತೆರೆಯುವಂತಿರಲಿಲ್ಲ. ಮನೆಯ ಗೇಟು ಇದ್ದದ್ದು ಕರೆಂಟಣ್ಣನ ಬದಿಗೆ.

ಡ್ರೈವರು ಎಂಜಿನ್ ಆರಿಸುವ ಗುಂಡಿಯ ಮೇಲೆ ಕೈಯಿಟ್ಟ. ಎಳೆದ. ಲಾರಿ ಒಮ್ಮೆ ಮೈಕೊಡವಿ ಸುಮ್ಮನಾಯಿತು. ಆ ನಿಶ್ಶಬ್ದ ಇಬ್ಬರ ಕಿವಿಗೂ ನೀರು ತುಂಬಿದಂತೆ ತುಂಬಿತು.

ಮಗಳು ಕೈಯಲ್ಲಿ ಪುಸ್ತಕ ಹಿಡಿದೇ ಗೇಟಿಗೆ ಓಡಿ ಬಂದಳು. "ಅಪ್ಪ! ಕೆಟ್ಟುಹೋಯ್ತಾ?"

"ಇಲ್ಲಮ್ಮ. ನಾನೇ ಆರಿಸಿದೆ."

ಅವಳು ನಂಬಲಾರದವಳಂತೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕರೆಂಟಣ್ಣನಿಗೆ ಅವಳ ಹಿಂದೆ ತೆರೆದ ಬಾಗಿಲು ಕಾಣುತ್ತಿತ್ತು. ಒಳಗಿನ ಕತ್ತಲಲ್ಲಿ ಮಂಚದ ಒಂದು ಕಾಲು ಕಾಣುತ್ತಿತ್ತು. ಅವನು ಕೂತಲ್ಲೇ ಕೂತಿದ್ದ.

"ಭಾವ," ಡ್ರೈವರು ಮೆಲ್ಲಗೆ ಅವನ ಮೊಣಕೈ ಮುಟ್ಟಿದ. "ನನ್ನ ಕಡೆ ಗೋಡೆ. ನೀವು ಇಳಿಯದೆ ನಾನು ಇಳಿಯೋಕಾಗಲ್ಲ."

ಕರೆಂಟಣ್ಣ ದೇವರ ಹೆಸರು ಹೇಳಿಕೊಂಡು ಬಾಗಿಲಿನ ಹಿಡಿಗೆ ಕೈ ಹಾಕಿದ.